ದೇವರ ಜಗಲಿಯ ಮೇಲಿದ್ದ ರಾಕ್ ಆಲ್ಬಮ್

ಬಸವಕಿರಣರು ಮೆಲ್ಲಗೆ ಮಾತಾಡುತ್ತಾರೆ. ಎಷ್ಟು ಮೆಲ್ಲಗೆ ಎಂದರೆ, ಎದುರಿಗಿದ್ದವರಿಗೆ ತಮ್ಮ ಕಿವಿಯೇ ಮಂದವಾಯಿತೇನೋ ಎಂದು ಗಾಬರಿಯಾಗಬೇಕು. ನನ್ನ ಕಿವಿಯಂತೂ ನಿಜವಾಗಿಯೇ ಮಂದವಾಗಿತ್ತು. ಪಾಠ ಹೇಳುವ ಕೆಲಸದಿಂದ ನಿವೃತ್ತನಾಗಿ ಅಮೆರಿಕದ ಎಡಿಸನ್ನಿನಲ್ಲಿರುವ ಮಗಳ ಮನೆ ಸೇರಿದ್ದ ನನ್ನನ್ನು ಅವಳು ಒಂದು ದಿನ ಕಾರಿನಲ್ಲಿ ಕೂರಿಸಿಕೊಂಡು, ಪಾರ್ಸಿಪನಿಯಲ್ಲಿ ಕಿವಿ ಪರೀಕ್ಷಿಸಿ ಯಂತ್ರ ಕೂರಿಸುವ ಈ ಕನ್ನಡಿಗರ ಬಳಿಗೆ ಕರೆದೊಯ್ದಳು. ಅವರು ಏನೋ ಕೇಳಿದರು. ನನಗೆ ತುಟಿ ಆಡಿದ್ದು ಮಾತ್ರ ಕಂಡಿತು.

"ನೀವು ಸ್ವಲ್ಪ ಗಟ್ಟಿಯಾಗಿ ಮಾತಾಡಿದರೆ ನನಗೆ ಯಂತ್ರವೇ ಬೇಡ" ಎಂದೆ.

ಅವರು ನಕ್ಕು ಮತ್ತೇನೋ ಅಂದರು. ಮಗಳು ನನ್ನ ಕಿವಿಯ ಹತ್ತಿರ ಬಂದು ಅದನ್ನೇ ಕೂಗಿ ಹೇಳಿದಳು: "ಹಂಗಂದ್ರ ನನ್ನ ಹೊಟ್ಟಿಪಾಡು ಹೆಂಗ್ರೀ ಮಾಸ್ತರ್ರ, ಅಂತಿದ್ದಾರೆ."

ಅವರ ಕೋಣೆಯ ಗೋಡೆಯ ಮೇಲೆ ಒಂದು ಚಿತ್ರಪಟವಿತ್ತು. ಮಿರುಗುವ ಬಿಗಿ ಷರಾಯಿ ತೊಟ್ಟ ನಾಲ್ವರು ತರುಣರು, ಸಿಂಹದ ಕೇಸರವನ್ನೂ ನಾಚಿಸುವ ಕೂದಲು; ಅವರ ಪಕ್ಕದಲ್ಲಿ, ಸೊಂಟದವರೆಗೆ ಕೇಶರಾಶಿ ಇಳಿಬಿಟ್ಟು ಗಿಟಾರು ಹಿಡಿದು ನಿಂತ ಒಬ್ಬ ಹುಡುಗಿ. ಮುಖದಲ್ಲಿ ಹೋಲಿಕೆ ಕಂಡು, "ಇವರು ನಿಮ್ಮ ತಂಗಿಯೇ?" ಎಂದು ಕೇಳಿದೆ. ಬಸವಕಿರಣರು ತಮ್ಮ ನುಣ್ಣನೆಯ ಬೋಳುತಲೆಯನ್ನು ಒಮ್ಮೆ ಸವರಿಕೊಂಡರು. ಅಷ್ಟರಲ್ಲಿ ಯಂತ್ರ ನನ್ನ ಕಿವಿಯೊಳಗಿತ್ತು. "ಅದು ನಾನ ರೀ" ಎಂಬುದು ನಾನು ಅವರ ಬಾಯಿಂದ ಕೇಳಿದ ಮೊದಲ ಮಾತು.

ಆಮೇಲೆ ಅವರ ಮನೆಗೂ ಹೋಗಿಬರುವ ಸಲಿಗೆ ಬೆಳೆಯಿತು. ಅವರ ನಡಿಗೆ ವಿಚಿತ್ರ. ಸಮತಟ್ಟಾದ ನೆಲದ ಮೇಲೂ ನಡುನಡುವೆ ಕಾಲನ್ನು ಮೇಲೆತ್ತಿ ಏನನ್ನೋ ದಾಟುತ್ತಾರೆ. ವೇದಿಕೆಯ ಮೇಲೆ ಹರಡಿರುತ್ತಿದ್ದ ವೈರುಗಳನ್ನು ಮೂವತ್ತು ವರ್ಷಗಳ ನಂತರವೂ ಅವರ ಪಾದ ಮರೆತಿಲ್ಲ. ಚಳಿಗಾಲದಲ್ಲಿ ತೊಡುವ ಚರ್ಮದ ಕೋಟಿನ ತೋಳಿನುದ್ದಕ್ಕೂ ಸಣ್ಣ ರಂಧ್ರಗಳ ಸಾಲು: ಹಿಂದೆ ತೂಗಾಡುತ್ತಿದ್ದ ಜಾಲರಿಯನ್ನು ಕತ್ತರಿಸಿ ತೆಗೆದ ಗುರುತು. ಇನ್ನು ಅವರ ಆತಂಕದ ಮಾತು. ಕಾರಿಗೆ ಬೀಗ ಹಾಕಿ ಬಂದು, ಮತ್ತೆ ಹೋಗಿ ಹಿಡಿಕೆ ಜಗ್ಗಿ ನೋಡುತ್ತಾರೆ. ಹೆದ್ದಾರಿ ಸೇರಿದ ಮೇಲೆ ಒಲೆಯ ನೆನಪಾಗಿ ಹಿಂದಿರುಗುತ್ತಾರೆ. "ಇವರ ಜೊತೆ ಎಲ್ಲಿಗೆ ಹೊರಟರೂ ಎರಡು ಸಲ ಹೊರಡಬೇಕು ಸಾರ್" ಎನ್ನುತ್ತಾರೆ ಅವರ ಹೆಂಡತಿ, ಮೈಸೂರಿನ ಸೌಜನ್ಯಾ.

ಆ ಚಿತ್ರಪಟದ ಕಥೆಯನ್ನು ಅವರು ಒಂದೇ ಸಲಕ್ಕೆ ಹೇಳಿದವರಲ್ಲ. ಯಂತ್ರ ಒರೆಸಿಕೊಡುವಾಗ ಅಷ್ಟು, ಬ್ಯಾಟರಿ ಬದಲಿಸುವಾಗ ಇಷ್ಟು. ಧಾರವಾಡದಿಂದ ಬಂದ ವೈದ್ಯರಾದ ತಂದೆ ಹತ್ತಿರದ ಊರು ಹ್ಯಾರಿಸನ್ನಿನಲ್ಲಿ ಮನೆ ಮಾಡಿದ್ದರು. ಪಕ್ಕದ ಮನೆಯ ಲೆನ್ನಿ ಹಾಡುತ್ತಿದ್ದ, ಇವರು ಗಿಟಾರು ನುಡಿಸುತ್ತಿದ್ದರು, ಬೇಸ್‌ಮೆಂಟಿನಲ್ಲಿ ಒಂದು ತಂಡ ಹುಟ್ಟಿತು. ಗಿಟಾರುಗಳು ಎಷ್ಟೇ ಅಬ್ಬರಿಸಲಿ, ಒಳಗೆ ಗುನುಗಿಕೊಳ್ಳಬಹುದಾದ ಒಂದು ಧಾಟಿ ಇರಲೇಬೇಕೆನ್ನುವ ಜಾತಿಯ ರಾಕ್ ಅವರದು. ತೊಂಬತ್ತೊಂದರಲ್ಲಿ ಒಂದು ಸಣ್ಣ ಕಂಪನಿ ಅವರ ಆಲ್ಬಮ್ಮನ್ನು ಧ್ವನಿಮುದ್ರಿಸಿತು: 'ಲಾಸ್ಟ್ ಟ್ರೇನ್ ಥ್ರೂ ಹ್ಯಾರಿಸನ್'. ಮುಖಚಿತ್ರ ಅಚ್ಚಾಯಿತು. ಅದೇ ವರ್ಷ ಗಾಳಿ ತಿರುಗಿತು. ಪಶ್ಚಿಮ ತೀರದಿಂದ ಮಾಸಲು ಚೌಕಳಿ ಅಂಗಿಯ ಹುಡುಗರು ಬೇರೆಯದೇ ಬಗೆಯ ರಾಕ್ ಹೊತ್ತು ಬಂದರು. ಹೇರ್ ಸ್ಪ್ರೇ ಹೊಡೆದುಕೊಂಡವರನ್ನು ಕಂಡರೆ ರೇಡಿಯೋದವರಿಗೇ ನಗು ಬರತೊಡಗಿತು. ಆಲ್ಬಮ್ ಅಂಗಡಿ ಮುಟ್ಟುವ ಮೊದಲೇ ಕಂಪನಿ ಮುಚ್ಚಿತು. "ಮದುವಿ ಮುಗಿದ ಮ್ಯಾಲೆ ಬಂದ ಬಾಜಾದವ್ರು ನಾವು" ಎಂದು ಬಸವಕಿರಣರು ನನಗೆ ಹೇಳಿದ್ದುಂಟು.

ಕಂಪನಿಯಲ್ಲಿದ್ದ ಮೂಲಪ್ರತಿ ಏನಾಯಿತೋ ಯಾರಿಗೂ ತಿಳಿಯದು. ಮುಂದಾಲೋಚನೆಯ ಬಸವಕಿರಣರು ಇನ್ನೊಂದು ಪ್ರತಿಯನ್ನು, ದೊಡ್ಡ ಚಕ್ರಕ್ಕೆ ಸುತ್ತಿದ ಟೇಪನ್ನು, ಮನೆಗೆ ತಂದು ತಾಯಿಯ ಕೈಗೆ ಕೊಟ್ಟರು. ಶಿವಗಂಗಮ್ಮನವರು ಅದನ್ನು ದೇವರ ಜಗಲಿಯ ಮೇಲಿಟ್ಟರು. ಮಗನ ದುಡಿಮೆಗೆ ಅದಕ್ಕಿಂತ ಭದ್ರವಾದ ಜಾಗ ಅವರಿಗೆ ಗೊತ್ತಿರಲಿಲ್ಲ. ಪ್ರತಿ ಮಹಾನವಮಿಗೆ ಗಂಡನ ಸ್ಟೆತಸ್ಕೋಪಿನ ಜೊತೆಗೆ ಅದಕ್ಕೂ ಪೂಜೆ. ಡಬ್ಬಿಯ ಮುಚ್ಚಳ ತೆಗೆದು, ನೀರಿನಲ್ಲಿ ಕಲಸಿದ ವಿಭೂತಿಯನ್ನು ಟೇಪಿನ ಮೇಲೆ ಬೆರಳಿನಿಂದ ಎಳೆದು, ಮೇಲೊಂದು ಹಸಿ ಪತ್ರೆಯಿಟ್ಟು ಮತ್ತೆ ಮುಚ್ಚಿಡುವುದು.

ಕಳೆದ ವರ್ಷ ಲೆನ್ನಿಗೆ ಗಂಟಲಿನ ಕ್ಯಾನ್ಸರ್ ಆಗಿ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಯಿತು. ಈಗ ಅವರು ಕತ್ತಿಗೆ ಒಂದು ಸಣ್ಣ ಯಂತ್ರ ಒತ್ತಿಹಿಡಿದು ಮಾತಾಡುತ್ತಾರೆ. ಮಾತೆಲ್ಲ ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ. ಹಳೆಯ ಆಲ್ಬಮ್ಮುಗಳನ್ನು ಹುಡುಕಿ ಹೊರತರುವ ಸ್ವೀಡನ್ನಿನ ಕೆಲವರು ಇದರ ಬಗ್ಗೆ ವಿಚಾರಿಸಿದ್ದೂ ಆಗಲೇ. ಬಸವಕಿರಣರು ಜಗಲಿಯ ಮೇಲಿನ ಡಬ್ಬಿ ತೆರೆದು ನೋಡಿದರೆ ಟೇಪಿನ ಸುತ್ತುಗಳು ಒಂದಕ್ಕೊಂದು ಹತ್ತಿಕೊಂಡಿದ್ದವಂತೆ. ಆ ಕಾಲದ ಟೇಪಿನ ಲೇಪ ತೇವ ಹೀರಿ ಅಂಟಾಗುತ್ತದೆ. ಹಾಗೆಯೇ ಓಡಿಸಿದರೆ ಲೇಪದೊಡನೆ ಹಾಡೂ ಕಿತ್ತು ಬರುತ್ತದೆ. ಇದರ ಮೇಲಂತೂ ಮೂವತ್ತು ಮಹಾನವಮಿಗಳ ನೀರು ಬಿದ್ದಿತ್ತು. ಲೆನ್ನಿಯ ಕಂಠ ಭೂಮಿಯ ಮೇಲೆ ಉಳಿದಿದ್ದುದು ಅದೊಂದರಲ್ಲೇ.

ಮಂದವಾದ ಒಣಶಾಖದಲ್ಲಿ ಇಟ್ಟರೆ ಇಂಥ ಟೇಪಿಗೆ ಒಂದೆರಡು ಸಲ ನುಡಿಯುವಷ್ಟು ಜೀವ ಬರುತ್ತದೆಯಂತೆ. ಬೇರೆಯವರ ಕೈಗೆ ಕೊಡಲು ಅವರಿಗೆ ಧೈರ್ಯವಿಲ್ಲ. ಅಂಚೆಯಲ್ಲಿ ಕಳಿಸುವುದಂತೂ ದೂರ. ಕೊನೆಗೆ ಸೌಜನ್ಯಾ ಸಂಡಿಗೆ, ಮಜ್ಜಿಗೆ ಮೆಣಸಿನಕಾಯಿ ಒಣಗಿಸುವ ವಿದ್ಯುತ್ ಪೆಟ್ಟಿಗೆಯನ್ನು ಬೇಸ್‌ಮೆಂಟಿಗೆ ಒಯ್ದರು. ಈ ದೇಶದ ಬಿಸಿಲನ್ನು ನಂಬಿ ಸಂಡಿಗೆ ಇಡಲಾಗುವುದಿಲ್ಲವಲ್ಲ. ಬಸವಕಿರಣರು ಮೊದಲು ಕೆಲಸಕ್ಕೆ ಬಾರದ ಬೇರೊಂದು ಟೇಪನ್ನು ಒಣಗಿಸಿ ನೋಡಿದರು. ಆಮೇಲೆ ಇದನ್ನಿಟ್ಟು, ಥರ್ಮಾಮೀಟರ್ ಹಿಡಿದು ಪಕ್ಕದಲ್ಲೇ ಕುಳಿತರು. "ನನ್ನ ಹೆರಿಗೆಯಲ್ಲೂ ಇಷ್ಟು ಒದ್ದಾಡಲಿಲ್ಲ ಇವರು" ಎಂದರು ಸೌಜನ್ಯಾ.

ಟೇಪು ಓಡಿಸುವ ಶನಿವಾರದ ಬೆಳಿಗ್ಗೆ ನನಗೂ ಬಸವಕಿರಣರ ಕರೆ ಬಂತು. "ನೀವು ಅವ್ವನ ಜೋಡಿ ಮ್ಯಾಲೆ ಕೂಡ್ರಿ ಮಾಸ್ತರ್ರ. ಕೆಳಗ ಬರಬಾರದು ಆಕಿ. ನೀರಿಂದ ಹಿಂಗಾತು ಅಂತ ತಿಳದ್ರ ಕೊರಗತಾಳ." ಒಪ್ಪಿಕೊಂಡೆ. ಆದರೆ ವಚನ, ಧಾರವಾಡದ ಹಳೆಯ ಓಣಿ, ಮೊಣಕಾಲು ನೋವು, ನನ್ನಲ್ಲಿದ್ದ ವಿಷಯಗಳೆಲ್ಲ ಬೇಗನೆ ಮುಗಿದವು. "ಮಾಸ್ತರ್ರ, ನೀವು ಬಾಗಲಾ ಕಾಯೋ ನಾಯಿಗತೆ ಕುಂತೀರಿ. ಕೆಳಗ ಏನ್ ನಡದೈತಿ?" ಎಂದು ಆ ಎಂಬತ್ತೈದರ ಮುದುಕಿ ಎದ್ದೇಬಿಟ್ಟರು.

ನಾವು ಇಳಿದು ಹೋದಾಗ ಹಾಡು ಆಗಲೇ ತುಂಬಿಕೊಂಡಿತ್ತು. ಲೆನ್ನಿ ಸೋಫಾದ ಅಂಚಿನಲ್ಲಿ ಕುಳಿತಿದ್ದರು. ಮಾತಾಡುವ ಯಂತ್ರ ತೊಡೆಯ ಮೇಲಿತ್ತು. ಎತ್ತರದಲ್ಲಿ ತೇಲುವ, ಹೆದರಿಕೆಯೆಂಬುದನ್ನೇ ಅರಿಯದ ಒಂದು ಇಪ್ಪತ್ತರ ಕಂಠ. ಅದು ಆ ಬಿಳಿಗಡ್ಡದ ಮನುಷ್ಯನದೆಂದು ನಂಬುವುದು ನನಗೆ ಕಷ್ಟವಾಯಿತು. ಬಸವಕಿರಣರ ಕೈ ಮಾತ್ರ ನಿಲ್ಲಿಸುವ ಗುಂಡಿಯನ್ನು ಬಿಟ್ಟಿರಲಿಲ್ಲ. ಹಾಡಿನ ಮೇಲೆ ಹಾಡು ಸುರಕ್ಷಿತವಾಗಿ ದಾಟಿಬಂತು. ಕೊನೆಯ ಹಾಡಿನ ನಡುವೆ ಕಂಠ ಒಮ್ಮೆಲೇ ಮಸುಕಾಗಿ, ಕೀರಲಾಗಿ, ಇಲ್ಲವಾಯಿತು.

ಅವರು ಗುಂಡಿ ಒತ್ತಿ, ಟೇಪನ್ನು ಬಿಡಿಸಿ, ಹತ್ತಿಯಿಂದ ಒರೆಸಿದರು. ಕಂದು ಪುಡಿ ಬಂತು. ಅದರ ನಡುವೆ ಬಿಳಿಯದೊಂದು ಎಳೆ. ಶಿವಗಂಗಮ್ಮನವರು ಬಗ್ಗಿ ನೋಡಿದರು.

"ಅದು ನನ್ನ ಕೈಯಾಗಿಂದೇನು?"

"ಅಲ್ಲಬೇ ಅವ್ವ. ಟೇಪು ಹಳೇದಾಗೇತಿ."

"ನನಗ ವಿಭೂತಿ ಗುರ್ತು ಸಿಗೂದಿಲ್ಲೇನು?" ಎಂದು ಅವರು ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

ಲೆನ್ನಿಗೆ ಕನ್ನಡ ಬಾರದು. ಆದರೆ ಮುದುಕಿಯ ಹಣೆಯ ವಿಭೂತಿಯನ್ನೂ ಹತ್ತಿಯ ಮೇಲಿನ ಬಿಳಿ ಎಳೆಯನ್ನೂ ನೋಡಿದ ಮೇಲೆ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಎದ್ದು ಬಂದು ಮೆಟ್ಟಿಲ ಮೇಲೆ ಅವರ ಪಕ್ಕದಲ್ಲಿ ಕುಳಿತು, ಯಂತ್ರವನ್ನು ಕತ್ತಿಗೆ ಒತ್ತಿ, ಇಂಗ್ಲಿಷಿನಲ್ಲಿ ಅಂದರು: "ಕಂಪನಿಯವರು ಕಳೆದರು, ಮಾಮ್. ನೀವು ಇಟ್ಟುಕೊಂಡಿರಿ."

ಬಸವಕಿರಣರು ಹತ್ತಿಯನ್ನು ಮಡಚಿ ಜೇಬಿಗಿಟ್ಟುಕೊಂಡರು; ಲೆನ್ನಿಯ ಮಾತನ್ನು ಕನ್ನಡಿಸಿ ಹೇಳಿದವನು ನಾನು. ಶಿವಗಂಗಮ್ಮನವರು ಲೆನ್ನಿಯ ಮೊಣಕಾಲು ತಟ್ಟಿ, "ಸಣ್ಣಾವಿದ್ದಾಗ ಭಾಳ ಒದರತಿದ್ದಿ ನೀ" ಎಂದರು. ಅದನ್ನೂ ಇಂಗ್ಲಿಷಿಗೆ ದಾಟಿಸಿದೆ. ಲೆನ್ನಿಯ ಹೆಗಲು ನಗೆಯಿಂದ ಕುಲುಕಿತು, ಸದ್ದು ಹೊರಡಲಿಲ್ಲ.

ಕೊನೆಯ ಹಾಡಿನ ಕಳೆದ ಭಾಗ ಮತ್ತೆ ಸಿಗಲಿಲ್ಲ. ಸ್ವೀಡನ್ನಿನವರು ಆ ಖಾಲಿ ಜಾಗವನ್ನು ಕಂಪ್ಯೂಟರಿನಿಂದ, ಲೆನ್ನಿಯ ಕಂಠವನ್ನೇ ಹೋಲುವಂತೆ ತುಂಬಿ ಕಳಿಸಿದರು. ಲೆನ್ನಿ ಕೇಳಿ, "ಚೆನ್ನಾಗಿದೆ. ಆದರೆ ನಾನು ಅಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದೆ" ಎಂದರಂತೆ. ಬಸವಕಿರಣರು ಅದನ್ನು ತೆಗೆಸಿ, ಕಂಠ ಹೋದಲ್ಲಿ ಹೋದಂತೆಯೇ ಬಿಡಿಸಿದ್ದಾರೆ. ಈಗ ಅವರು ಬಿಡುವು ಸಿಕ್ಕಾಗಲೆಲ್ಲ ಮಾದರಿ ಡಿಸ್ಕುಗಳನ್ನು ಕೇಳುವುದು, ಎಲ್ಲೋ ಒಂದು ಚಿಟಿಕೆಯಷ್ಟು ಕರಕರ ಸಿಕ್ಕಿತೆಂದು ಹಿಂದಕ್ಕೆ ಕಳಿಸುವುದು, ಕಳಿಸಿದ್ದು ತಲುಪಿತೋ ಇಲ್ಲವೋ ಎಂದು ಚಡಪಡಿಸುವುದು, ಇದರಲ್ಲೇ ಇದ್ದಾರೆ. ಉಳಿದ ಹಾಡುಗಳ ಪ್ರತಿಗಳನ್ನು ಒಂದು ನಮ್ಮ ಮನೆಯಲ್ಲಿ, ಒಂದು ಲೆನ್ನಿಯ ಮನೆಯಲ್ಲಿ, ಮತ್ತೊಂದು ಬ್ಯಾಂಕಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಇಂಥವರನ್ನು ನಾವು ಪುಕ್ಕಲರೆಂದು ಹಾಸ್ಯ ಮಾಡುತ್ತೇವೆ; ಅವರ ಜೊತೆ ಪ್ರಯಾಣ ಹೊರಡುವುದು ಕಷ್ಟ, ಬಾಳುವುದು ಇನ್ನೂ ಕಷ್ಟ. ಧೈರ್ಯವಂತರು ಹೊಸದನ್ನು ಕಟ್ಟಿ ಮುಂದೆ ನಡೆಯುತ್ತಾರೆ, ಹಿಂದೆ ಬಿಟ್ಟದ್ದು ಹೇಗೋ ಇರುತ್ತದೆಂಬ ನಂಬಿಕೆಯಿಂದ. ಹಳೆಯದನ್ನು ಕಾಪಿಟ್ಟು ಕಾಯುವವರಿಗೆ ಆ ನಂಬಿಕೆಯಿಲ್ಲ. ಇದ್ದಿದ್ದರೆ ಅವರು ಕಾಯುತ್ತಲೇ ಇರಲಿಲ್ಲ.