ಇಸ್ವಾಣದ ಸಾರು

ತದಡಿ ಬಂದರಿನ ಮೀನು ಬೋಟಿನಲ್ಲಿ ದುಡಿಯುವ ನರೇಶ ಅವ್ವನ ಕಾಯಿಲೆಯ ಹೆಸರನ್ನು ಮನೆಯೊಳಗೆ ಬರಗೊಟ್ಟಿರಲಿಲ್ಲ. ಹೊಟ್ಟೆಯ ಹುಣ್ಣು ಅಂತಲೇ ಅವಳಿಗೆ ಹೇಳಿಟ್ಟಿದ್ದ. ಹೆಸರು ಕಿವಿಗೆ ಬಿದ್ದರೆ ಅವ್ವ ಅಲ್ಲೇ ಕುಸಿದುಬಿಟ್ಟಾಳು ಎಂಬ ಭಯ ಅವನಿಗೆ. ಈಗ ನೋಡಿದರೆ ಆಸ್ಪತ್ರೆಯ ಹುಡುಗಿ ದಿವ್ಯಶ್ರೀ ಜಗಲಿಯ ಮೇಲೆ ಅವ್ವನೆದುರೇ ಕೂತಿದ್ದಳು. ಕ್ಯಾನ್ಸರ್ ರೋಗಿಗಳಿಗೆಂದು ಹೊರದೇಶದಲ್ಲಿ ಮಾಡಿದ ಪ್ರಶ್ನೆಗಳನ್ನು ಕನ್ನಡಕ್ಕೆ ತಂದಿದ್ದರಂತೆ. ಅವು ಇಲ್ಲಿಯವರಿಗೆ ಅರ್ಥವಾಗುತ್ತವೆಯೇ ಎಂದು ನೋಡುವುದು ಅವಳ ಕೆಲಸ.

"ಆ ಶಬ್ದ ಒಂದು ಬಾಯಿಗೆ ತರಬೇಡಿ ಮೇಡಂ," ಎಂದು ನರೇಶ ಮೊದಲೇ ಕೈಮುಗಿದಿದ್ದ. ಆದರೂ ಮನಸ್ಸು ತಡೆಯದೆ ಬಾಗಿಲ ಹಿಂದೆ ನಿಂತ.

"ಅಮ್ಮಾ, ಮುಂದೆ ಏನಾಗ್ತದೋ ಅಂತ ಹೆದರಿಕೆ ಆಗ್ತದಾ?"

"ಇಲ್ಲ," ಎಂದಳು ಅವ್ವ.

"ಈ ಪ್ರಶ್ನೆ ನಿಮಗೆ ಹೇಗೆ ಅರ್ಥ ಆಯ್ತು? ನಿಮ್ಮ ಮಾತಲ್ಲೇ ಹೇಳಿ."

ನರೇಶ ಬಾಗಿಲಿಗೆ ಕಿವಿಯಿಟ್ಟ.

"ನಾ ಸಾಯೂದು ನಂಗೆ ಗೊತ್ತದ್ಯಾ ಅಂತ ಕೇಳ್ತಿದ್ದೆ ನೀನು."

ಹುಡುಗಿ ಬೆಚ್ಚಿದಳು. "ಯಾರು ಹೇಳಿದ್ರಮ್ಮಾ?"

"ಹೇಳೂದೆಂತ? ಜೀವಮಾನ ಎಲ್ಲ ಇಸ್ವಾಣದಂಥ ದುಬಾರಿ ಮೀನು ಪೇಟೆಲಿ ಮಾರಿದೆ, ಮನೆಲಿ ಬೇಯ್ಸಿದ್ದು ಬರೀ ಅಗ್ಗದ ತಾರ್ಲೆ ಮೀನು. ಈಗ ಮಗ ದಿನಾ ಇಸ್ವಾಣ ತಂದು, ತಿನ್ನು ತಿನ್ನು ಅಂತಾ." ಅವ್ವನ ದನಿ ತಗ್ಗಿತು. "ಹೆದರಿಕೆ ಕೈಕಾಲು ತಣ್ಣಗಾಗೂಷ್ಟು ಅದೆ ತಂಗಿ. ಆದ್ರೂ ಇಲ್ಲ ಅಂತ್ಲೇ ಬರ್ಕೋ. ಅವ ಬಾಗ್ಲ ಹಿಂದೆ ನಿಂತಿದ್ದಾ."