ಕೆಂಪು ದೀಪದಷ್ಟು ಹಾಡು

ಹುಲ್ಲು ಒತ್ತಿದರೆ ಒತ್ತಿಕೊಂಡೇ ಇರುತ್ತದೆ, ಪೆಡಲಿನ ಹಾಗೆ ಎದ್ದು ಬಂದು ಅಂಗಾಲಿಗೆ ತಾಗುವುದಿಲ್ಲ, ಅರೆ, ಮತ್ತೆ ಒತ್ತಿದೆನಲ್ಲ, ಎಡಗಾಲು ತನ್ನಷ್ಟಕ್ಕೆ ತಾನೇ ಕ್ಲಚ್ಚು ಹುಡುಕುತ್ತಿದೆ, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು ಕೂತರೂ ಕಾಲಿಗೆ ಇನ್ನೂ ರಜೆಯ ಸುದ್ದಿ ಮುಟ್ಟಿಲ್ಲ — ಸುಮ್ಮನಿರೇ ಕಾಲೇ, ಇದು ಮೈದಾನ, ಬಸ್ಸಲ್ಲ, ಎದುರಿಗಿರುವುದು ಗಾಜಲ್ಲ, ಬರೀ ಗಾಳಿ, ಗಾಳಿಯ ಆಚೆ ವೇದಿಕೆ, ವೇದಿಕೆಯ ನಡುವೆ ಹಾಡುವವಳು, ಅವಳ ಬಲಕ್ಕೆ ಅದೇ ಅಗಲ ಭುಜದವಳು, ನಗಾರಿಯವಳು, ಹತ್ತಿರದಿಂದ ನೋಡಿದರೆ ಕಿವಿಯ ಪಕ್ಕ ನರೆ ಬಂದಿದೆ, ನನಗೂ ಬಂದಿದೆ ಬಿಡು, ನಾವಿಬ್ಬರೂ ಒಟ್ಟಿಗೇ ಮುದುಕಿಯರಾಗುತ್ತಿದ್ದೇವೆ, ಅವಳು ಅಲ್ಲಿ, ನಾನು ಸಿಗ್ನಲ್ಲಿನಲ್ಲಿ. ಪ್ರತಿ ವರ್ಷ ಈ ಸಂಗೀತ ಉತ್ಸವ, ಪ್ರತಿ ವರ್ಷ ಸಂಜೆಯ ಕೊನೆಗೆ ಇವರದೇ ತಂಡ, ಪ್ರತಿ ವರ್ಷ ನಾನು ಸಂಜೆಯ ಟ್ರಿಪ್ಪು ತುಂಬಿಕೊಂಡು ಮೈದಾನದ ಮೂಲೆಯ ಸಿಗ್ನಲ್ಲಿಗೆ ಬಂದು ನಿಲ್ಲುವ ಹೊತ್ತಿಗೆ ಇವರ ಹಾಡು ತುದಿಗೆ ಬಂದಿರುತ್ತಿತ್ತು, ಕಬ್ಬಿಣದ ಬೇಲಿಯ ಸಂದಿನಲ್ಲಿ, ಜನರ ತಲೆಗಳ ಮೇಲೆ ಆ ಕೈ ಏಳುತ್ತಿತ್ತು, ಕೋಲು ಹಿಡಿದ ಬಲಗೈ, ಭುಜದಷ್ಟು, ತಲೆಯಷ್ಟು, ಇನ್ನೂ ಮೇಲೆ, ಅಲ್ಲಿ ನಿಲ್ಲುತ್ತಿತ್ತು — ಹಸಿರು. ಹಿಂದಿನಿಂದ ಹಾರ್ನು. ರೈಟ್ ರೈಟ್. ಗೇರು ಹಾಕು, ಹೊರಡು. ಆ ಕೈ ಕೆಳಗಿಳಿದದ್ದನ್ನು ನಾನು ಈವರೆಗೆ ನೋಡಿಲ್ಲ. ಏಟು ಬಿದ್ದಿರಬೇಕು, ಬೀಳದೆ ಎಲ್ಲಿಗೆ ಹೋಗುತ್ತದೆ, ನನ್ನದೇ ಇಂಜಿನ್ನಿನ ಗುರುಗುರು ಅದನ್ನು ನುಂಗಿಹಾಕಿತು, ಪ್ರತಿ ವರ್ಷವೂ ನುಂಗಿತು. ಮನೆಯಲ್ಲಿ ಪಾತ್ರೆ ತಿಕ್ಕುವಾಗ ನಾನು ಆ ಹಾಡಿಗೆ ನನ್ನದೇ ಒಂದು ಕೊನೆ ಕಟ್ಟುತ್ತಿದ್ದೆ, ಒಂದು ಸಲ ಜೋರಾಗಿ, ಒಂದು ಸಲ ಮೆಲ್ಲಗೆ, ತಟ್ಟೆಯ ಮೇಲೆ ಚಮಚದಲ್ಲಿ ಹೊಡೆದು ನೋಡುತ್ತಿದ್ದೆ, ಯಾವುದೂ ಒಪ್ಪಲಿಲ್ಲ.

ಕೆಂಪು ದೀಪದಷ್ಟು ಹಾಡು, ಅಷ್ಟೇ ನಮ್ಮ ಪಾಲು, ಆದರೆ ಆ ಪಾಲನ್ನಾದರೂ ಬಿಟ್ಟೆನೇ, ಬಿಡಲಿಲ್ಲ, ಹಿಂದಿನ ತಿರುವಿನಲ್ಲೇ ಹಸಿರು ಕಂಡರೆ ಕಾಲು ಸಡಿಲ ಬಿಡುತ್ತಿದ್ದೆ, ಬಸ್ಸು ಬಸುರಿಯ ಹಾಗೆ ಮೆಲ್ಲಗೆ ನಡೆಯುತ್ತಿತ್ತು, ಹಳದಿ, ಆಹಾ, ಕೆಂಪು, ಬೇಕೆಂದೇ ಕೆಂಪಿಗೆ ಸಿಕ್ಕಿಬೀಳುವ ಡ್ರೈವರು ಈ ಊರಲ್ಲಿ ನಾನೊಬ್ಬಳೇ. ಮೊದಮೊದಲು ಗೊಣಗುತ್ತಿದ್ದರು, ಏನಮ್ಮ ಎತ್ತಿನ ಗಾಡಿ ಹೊಡೀತಿದೀಯ, ಆಮೇಲೆ ಅವರಿಗೂ ರುಚಿ ಹತ್ತಿತು, ಆಸ್ಪತ್ರೆಯ ಬಟ್ಟೆ ಒಗೆಯುವ ಹೆಂಗಸರು ಹಿಂದಿನ ಸೀಟಿನಿಂದಲೇ ಕೂಗುವರು, ಅಕ್ಕಾ ಇವತ್ತು ಕೆಂಪು ಸಿಗಬೇಕು ನೋಡು, ಕಂಡಕ್ಟರು, ಬಾಯಲ್ಲಿ ಸದಾ ಸೀಟಿ ಇರುವುದರಿಂದ ಡಿಪೋದಲ್ಲಿ ಅವನಿಗೆ ಸೀಟಿರಾಯ ಅಂತಲೇ ಹೆಸರು, ಅವನೂ ಟಿಕೆಟ್ ಹರಿಯುವುದು ಬಿಟ್ಟು ಕಿಟಕಿ ಎಲ್ಲ ಸರಿಸಿಬಿಡುವನು, ಇಂಜಿನ್ನು ಆರಿಸು ಅಕ್ಕ, ಕೇಳಿಸ್ತಿಲ್ಲ, ಆರಿಸುತ್ತಿದ್ದೆ, ಬಸ್ಸಿಗೆ ಬಸ್ಸೇ ಕಿವಿಯಾಗುತ್ತಿತ್ತು. ಮಗುವಿಗೆ ಒಂದು ಚಮಚ ಕುಡಿಸಿ ಬಟ್ಟಲು ಕಿತ್ತುಕೊಂಡ ಹಾಗೆ ಹಸಿರು ಬರುತ್ತಿತ್ತು. ಯಾರದು ಈ ಲೆಕ್ಕ, ಬೇಲಿಯ ಒಳಗೆ ಕೂತವರಿಗೆ ಇಡೀ ಹಾಡು, ಅವರನ್ನು ಕರೆತಂದು ಇಳಿಸಿದವಳಿಗೆ ತುಣುಕು, ಅವರ ಕುರ್ಚಿ ಹೊತ್ತವನಿಗೆ ಅದೂ ಇಲ್ಲ. ನನ್ನ ಕೈ ಕಾಲು ಬೆನ್ನು ಡಿಪೋದ್ದು, ಸರಿ, ಒಪ್ಪಿದ್ದೇನೆ, ಕಿವಿಯನ್ನು ನಾನು ಯಾರಿಗೂ ಬರೆದುಕೊಟ್ಟಿಲ್ಲ.

ಅದನ್ನೇ ಹೇಳಿದ್ದು ನಾನು ಗಡಿಯಾರದಪ್ಪನಿಗೆ, ಟ್ರಿಪ್ಪು ಹಂಚುವವರು, ಗೋಡೆಯ ಗಡಿಯಾರದ ಕೆಳಗೇ ಕುರ್ಚಿ, ಮೊದಲು ಸ್ಟೇರಿಂಗು ಹಿಡಿದವರೇ, ಬೆನ್ನು ಹೋದ ಮೇಲೆ ಕುರ್ಚಿ ಹಿಡಿದವರು. ಸಾರ್, ಶನಿವಾರ ಸಂಜೆ ರಜೆ ಬೇಕು. ಯಾಕಮ್ಮ? ಹಾಡು ಕೇಳಬೇಕು. ಏನು ಕೇಳಬೇಕು? ಹಾಡು ಸಾರ್, ಮೈದಾನದಲ್ಲಿ. ಅವರು ನಕ್ಕರು, ಪಕ್ಕದಲ್ಲಿದ್ದವರೂ ನಕ್ಕರು, ಮೊಬೈಲಲ್ಲಿ ಕೇಳಮ್ಮ, ಪುಕ್ಕಟೆ ಬರುತ್ತೆ. ಸೀಟಿರಾಯ ಹಿಂದಿನಿಂದ ನನ್ನ ತೋಳು ಚಿವುಟಿದ, ಯಾರನ್ನಾದ್ರೂ ಸಾಯಿಸು ಅಕ್ಕ, ನಾನು ಒಬ್ಬ ಚಿಕ್ಕಪ್ಪನ್ನೇ ವರ್ಷಕ್ಕೆ ಎರಡು ಸಲ ಸಾಯಿಸ್ತೀನಿ, ಪುಣ್ಯಾತ್ಮ ಗುಂಡುಕಲ್ಲಿನ ಹಾಗಿದಾನೆ. ಗಡಿಯಾರದಪ್ಪನೇ ದನಿ ತಗ್ಗಿಸಿ, ಕೆಟ್ಟವರಲ್ಲ ಅವರು, ನೋಡಮ್ಮ, ಜ್ವರ ಅಂತ ಹೇಳು, ಕೊಟ್ಬಿಡ್ತೀನಿ, ನಂಗೂ ಮೇಲಿನವರಿಗೆ ಹೇಳೋಕೆ ಒಂದು ಕಾರಣ ಬೇಕಲ್ಲ. ಜ್ವರಕ್ಕೆ ರಜೆ ಇದೆ, ಹೆಣಕ್ಕೆ ರಜೆ ಇದೆ, ಮೈ ಮುರಿದು ಬಿದ್ದರೆ, ಅತ್ತರೆ, ಸತ್ತರೆ ರಜೆ ಇದೆ, ನಗುತ್ತೇನೆ ಅಂದವಳಿಗೆ ಇಲ್ಲ. ನಂಗೆ ಜ್ವರ ಇಲ್ಲ ಸಾರ್, ಮೈ ಚೆನ್ನಾಗಿದೆ, ಚೆನ್ನಾಗಿರೋವಾಗಲೇ ಕೇಳಬೇಕು, ಸುಳ್ಳಿಗೆ ಕೊಡೋ ರಜೇನ ನಿಜಕ್ಕೆ ಕೊಡಿ. ನಾನು ಕೌಂಟರು ಬಿಟ್ಟು ಕದಲಲಿಲ್ಲ, ಹಿಂದೆ ಸಾಲು ಬೆಳೆಯಿತು, ಯಾರೂ ಬೇಗ ಮಾಡಮ್ಮ ಅನ್ನಲಿಲ್ಲ, ಅದೇ ದೊಡ್ಡ ಮಾತು, ಡ್ರೈವರುಗಳ ಸಾಲು ಅದು, ಹಾರ್ನು ಹೊಡೆಯದ ಸಾಲು. ಗಡಿಯಾರದಪ್ಪ ತಲೆ ಎತ್ತದೆ ರಜೆ ಬರೆದು, ಹೋಗು ತಾಯಿ ಹೋಗು, ಅಂದರು, ನಾನು ಡಿಪೋದ ಅಂಗಳ ದಾಟುವಾಗ ನನ್ನ ಬೆನ್ನು ಹೇಗೆ ನೆಟ್ಟಗಿತ್ತೆಂದರೆ, ಮದುವೆಯ ದಿನವೂ ನಾನು ಅಷ್ಟು ನೆಟ್ಟಗೆ ನಡೆದಿರಲಿಲ್ಲ.

ಮತ್ತೆ ಹುಲ್ಲು ಒತ್ತಿದೆ. ಕಾಲು ಸುಮ್ಮನಿಡೇ, ಪಕ್ಕದಲ್ಲಿ ಕೂತ ಅತ್ತೆ ಮೊಣಕೈಯಲ್ಲಿ ತಿವಿಯುತ್ತಾರೆ, ಗಾಡಿ ಎಲ್ಲೂ ಓಡಿ ಹೋಗಲ್ಲ. ಬರುವುದೇ ಇಲ್ಲ ಅಂದಿದ್ದವರು ಇವರು, ಕೆಲಸ ಇಲ್ಲದವರ ಕೆಲಸ ಅದು, ನೀನು ಹೋಗು, ನಾನು ಬೇಳೆ ಆರಿಸ್ತೀನಿ, ನಾನು ಮೆಟ್ಟಿಲಿಳಿದು ಬೀದಿಗೆ ಬರುವಷ್ಟರಲ್ಲಿ ಹಿಂದೆ ಚಪ್ಪಲಿಯ ಸದ್ದು, ನಿಲ್ಲೇ, ಮುದುಕಿನ ಬಿಟ್ಟು ಹೋಗ್ತಾಳೆ ನೋಡು, ಕಂಕುಳಲ್ಲಿ ಚಾಪೆ, ಮಗನಿಗೆ, ಅಂದರೆ ನನ್ನ ಗಂಡನಿಗೆ, ಕೂಗಿ ಹೇಳಿದ್ದೂ ಆಗಿತ್ತು, ಬೇಳೆ ನೀನೇ ಆರಿಸ್ಕೋ. ಇವರಿಗೇನು ಹಾಡು ಹೊಸದೇ, ಜೀವಮಾನವೆಲ್ಲ ಸಭಾಭವನದ ಅಡುಗೆಮನೆಯಲ್ಲಿ ಕಳೆದವರು, ಗೋಡೆಯ ಆ ಕಡೆ ದೊಡ್ಡ ದೊಡ್ಡ ಹಾಡುಗಾರರು, ಈ ಕಡೆ ಇವರು ಮತ್ತು ಒಂದು ಮೂಟೆ ಈರುಳ್ಳಿ, ಒಬ್ಬರ ಮುಖವನ್ನೂ ನೋಡಿಲ್ಲ, ದನಿ ಕೇಳಿ ದಪ್ಪಗಿರಬೇಕು ತೆಳ್ಳಗಿರಬೇಕು ಅಂದುಕೊಳ್ಳುತ್ತಿದ್ದರಂತೆ. ಈಗ ಕತ್ತು ಚಾಚಿ ಹಾಡುವವಳನ್ನೇ ನೋಡುತ್ತಿದ್ದಾರೆ, ಇಷ್ಟು ಸಣ್ಣ ಮೈಯಿಂದ ಅಷ್ಟು ದನಿ ಎಲ್ಲಿಂದ ಬರುತ್ತೇ ಇವಳಿಗೆ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾರೆ, ಏನತ್ತೆ, ಅಳ್ತಿದೀರಾ? ಅಳೋದ್ಯಾಕೆ, ಎಲ್ಲೋ ಈರುಳ್ಳಿ ಹೆಚ್ತಿದಾರೆ. ಫೋನು ನಡುಗುತ್ತದೆ, ನನ್ನ ಮಡಿಲಿನಲ್ಲಿ, ಗಡಿಯಾರದಪ್ಪ, ಇದು ಎಷ್ಟನೆಯ ಸಲವೋ. ಸೀಟಿರಾಯ ಆಗಲೇ ಫೋನು ಮಾಡಿ ಹೇಳಿದ್ದ, ಅಕ್ಕ, ನಿನ್ನ ಬದಲಿಗೆ ಬರಬೇಕಾದವನು ಬಂದಿಲ್ಲ, ಬಸ್ಸು ತುಂಬಿ ನಿಂತಿದೆ, ಸಾಹೇಬರು ಕಾದ ಹೆಂಚಿನ ಮೇಲೆ ಕುಣೀತಿದಾರೆ, ಎತ್ತಿದ್ರೆ ಬಾ ಅಂತಾರೆ, ಎತ್ತಬೇಡ. ಹಿಂದಿನ ಸೀಟಿನಲ್ಲಿ ಆ ಬಟ್ಟೆ ಒಗೆಯುವವರು ಕೂತಿರುತ್ತಾರೆ, ಕೈ ಸುಕ್ಕುಗಟ್ಟಿ, ಮನೆಗೆ ಹೋಗಿ ಒಲೆ ಹಚ್ಚಬೇಕು ಅವರು, ಎತ್ತಲೇ, ಡಿಪೋ ಇಲ್ಲಿಂದ ಕೂಗಳತೆ, ಹಾಡು ಇನ್ನೂ ಅರ್ಧವೂ ಆಗಿಲ್ಲ, ಮುಂದಿನ ವರ್ಷ ಕೇಳಿದರಾಯಿತು — ಈ ಮುಂದಿನ ವರ್ಷ ಅನ್ನುವ ಮಾತಿನಲ್ಲೇ ನಮ್ಮ ಅಮ್ಮಂದಿರೆಲ್ಲ ಮುಗಿದುಹೋದರು. ಒಬ್ಬಳು ಕೂತರೆ ಊರೇ ನಿಲ್ಲುವ ಹಾಗೆ, ಇರಬೇಕಾದಷ್ಟು ಜನ ಇಡದೆ ಡಿಪೋ ಕಟ್ಟಿದವರು ಯಾರೋ, ತಪ್ಪು ಮಾತ್ರ ಕೂತವಳದ್ದು, ಎಂಥ ಚಂದದ ನ್ಯಾಯ. ಕೊಡು ಇಲ್ಲಿ, ಅತ್ತೆ ಫೋನು ಕಿತ್ತುಕೊಂಡು ಚಾಪೆಯ ಮೇಲಿಟ್ಟು ಅದರ ಮೇಲೆ ತೊಡೆ ಊರಿ ಕೂತುಬಿಟ್ಟರು, ಈಗ ಕರೀಲಿ, ನನ್ನನ್ನೇ ಎತ್ತಿ ಮಾತಾಡ್ಲಿ ನೋಡೋಣ, ನಗು ಬಂತು, ಮುಂದಿನ ಸಾಲಿನವರು ತಿರುಗಿ ನೋಡಿದರು, ನೋಡಲಿ, ನಾವೂ ಇದ್ದೇವೆ ಇಲ್ಲಿ. ಫೋನು ಅತ್ತೆಯ ತೊಡೆಯ ಕೆಳಗೆ ಜೀರುಂಡೆಯ ಹಾಗೆ ಗುಂಯ್ ಅಂದು ಗುಂಯ್ ಅಂದು ಸುಮ್ಮನಾಯಿತು.

ಸುಮ್ಮನಾಯಿತು, ಮತ್ತೆ ಬರಲಿಲ್ಲ, ಯಾಕೆ ಬರಲಿಲ್ಲ, ಹಾಡು ಈಗ ಏರುತ್ತಿದೆ, ನನಗೆ ಗೊತ್ತಿಲ್ಲದ ಏರು, ಇದರ ನಡುವೆ ಇಷ್ಟು ಮೆಟ್ಟಿಲುಗಳಿದ್ದವೇ, ನಾನು ಬರೀ ಮಾಳಿಗೆ ನೋಡಿದವಳು, ಒಂದು ಸಾಲು ಮತ್ತೆ ಮತ್ತೆ ಬಂದು ಸ್ವಲ್ಪ ಸ್ವಲ್ಪವೇ ಬೇರೆಯಾಗುತ್ತಿದೆ, ದಿನಾ ಅದೇ ರಸ್ತೆ, ದಿನಾ ಬೇರೆ ಜನ, ಹೌದು ಹಾಗೆಯೇ, ಎದೆಯಲ್ಲಿ ಏನೋ ಅಗಲವಾಗುತ್ತಿದೆ — ಆಗ ಬೇಲಿಯ ಆಚೆ ಆ ಸದ್ದು, ಸಾವಿರ ಬಸ್ಸಿನ ನಡುವೆಯೂ ನನಗೆ ಗೊತ್ತಾಗುವ ಸದ್ದು, ಎರಡನೆಯ ಗೇರಿನಲ್ಲಿ ಕೆಮ್ಮುವ ನನ್ನ ಬಸ್ಸು. ತಿರುಗಿದೆ. ಕೆಂಪು. ನಿಂತಿದೆ. ನನ್ನ ಬಸ್ಸನ್ನು ನಾನು ಹೊರಗಿನಿಂದ, ಹೀಗೆ ಕೂತು, ಯಾವತ್ತು ನೋಡಿದ್ದೆ, ಎಷ್ಟು ದೊಡ್ಡದು, ಮೈತುಂಬ ಜನ, ಇದನ್ನೇ ನಾನು ಎರಡು ಕೈಯಲ್ಲಿ ತಿರುಗಿಸುವುದು, ಅತ್ತೆ, ನೋಡಿ, ನನ್ನ ಬಸ್ಸು. ಎಲ್ಲೇ? ಅಗೋ, ಅಷ್ಟು ಉದ್ದ. ಅಯ್ಯೋ, ಅದನ್ನ ನೀನು ಓಡಿಸ್ತೀಯಾ, ನಾನು ಏನೋ ಸಣ್ಣದು ಅಂದ್ಕೊಂಡಿದ್ದೆ ಕಣೇ. ಕಿಟಕಿ ಎಲ್ಲ ತೆರೆದಿವೆ, ಸೀಟಿರಾಯನ ತಲೆ ಹೊರಗೆ, ಹಿಂದಿನ ಕಿಟಕಿಯಿಂದ ಹೆಂಗಸರ ಕೈಗಳು, ನನ್ನನ್ನು ಕಂಡರೋ ಏನೋ, ಬೀಸುತ್ತಿವೆ, ಯಾರು ಓಡಿಸುತ್ತಿರುವುದು, ಯಾರು ಸಿಕ್ಕರು — ಗಡಿಯಾರದಪ್ಪ. ಗಡಿಯಾರ ಬಿಟ್ಟು, ಹೋದ ಬೆನ್ನನ್ನು ಸೀಟಿಗೆ ಆನಿಸಿ, ತಾವೇ. ಇಂಜಿನ್ನು ಆರಿತು. ಯಾರು ಹೇಳಿಕೊಟ್ಟರು ಅವರಿಗೆ, ಸೀಟಿರಾಯನೇ ಹೇಳಿರಬೇಕು, ಅವರ ಕತ್ತು ಬಾಗಿದೆ, ಎಡಕ್ಕೆ, ಗಾಜಿನ ಮೂಲೆಯ ಕಡೆಗೆ, ಅಯ್ಯೋ ಅದು ನನ್ನ ಕತ್ತು, ನಾನು ಬಾಗಿಸುತ್ತಿದ್ದ ಹಾಗೆಯೇ, ಬೇಲಿಯ ಮೂರನೆಯ ಸಂದು ಸಾರ್, ಅಲ್ಲಿಂದ ಕಾಣುತ್ತೆ, ಇನ್ನೂ ಸ್ವಲ್ಪ ಬಾಗಿ. ವೇದಿಕೆಯಲ್ಲಿ ಕೈ ಏಳುತ್ತಿದೆ. ಭುಜದಷ್ಟು. ತಲೆಯಷ್ಟು. ಹಾಡುವವಳು ಉಸಿರು ಹಿಡಿದಿದ್ದಾಳೆ, ಅತ್ತೆ ಹಿಡಿದಿದ್ದಾರೆ — ಹಸಿರು. ಹಿಂದಿನಿಂದ ಹಾರ್ನು, ಅವರಿಗೆ, ನನಗಲ್ಲ. ಅವರ ಕತ್ತು ಒಂದು ಗಳಿಗೆ ಹಾಗೇ ಇತ್ತು, ಆಮೇಲೆ ನೆಟ್ಟಗಾಯಿತು, ಬಸ್ಸು ಕೆಮ್ಮಿತು, ಹೊರಟಿತು, ಕಿಟಕಿಗಳೆಲ್ಲ ಹಿಂದಕ್ಕೆ ತಿರುಗಿ ನೋಡುತ್ತ ಹೊರಟವು, ಮುಂದಿನ ವರ್ಷ ನೀವೂ ಕೇಳಿ ಸಾರ್, ಜ್ವರ ಅನ್ನಬೇಡಿ, ನಾನೇ ಬದಲಿಗೆ ಬರುತ್ತೇನೆ, ಒಬ್ಬೊಬ್ಬರೇ ಅಲ್ಲ, ಬಟ್ಟೆ ಒಗೆಯುವವರೂ, ಸೀಟಿರಾಯನೂ, ಅವನ ಸಾಯದ ಚಿಕ್ಕಪ್ಪನೂ, ಇಡೀ ಬಸ್ಸನ್ನೇ ಈ ಹುಲ್ಲಿನ ಮೇಲೆ ತಂದು — ಎಡಗಾಲು ಒತ್ತಿತು, ಹುಲ್ಲು ಒತ್ತಿಕೊಂಡಿತು, ಏನೂ ಕದಲಲಿಲ್ಲ, ನಾನು ಇಲ್ಲೇ ಇದ್ದೇನೆ, ಕೋಲಿನ ತುದಿಗೆ ಸಂಜೆಯ ಬಿಸಿಲು ತಾಗಿದೆ, ಇಳಿಸು ತಾಯಿ, ನಿಧಾನಕ್ಕೇ ಇಳಿಸು, ನನ್ನ ಹಿಂದೆ ಯಾರೂ ಹಾರ್ನು ಹೊಡೆಯುತ್ತಿಲ್ಲ, ಕೈ ಮೇಲಿದೆ, ಕೈ ಇನ್ನೂ ಮೇಲಿದೆ, ಕೈ —