ಬೀಗದ ಮನೆಯ ಬಚ್ಚಲ ನೀರು

ಅರಸೀಕೆರೆಯ ಕೊಬ್ಬರಿ ಬೀದಿಯ ಹಳೆಯ ಮೋರಿಯನ್ನು ಕಿತ್ತು ಹೊಸ ಕೊಳವೆ ಹಾಕಿಸಬೇಕೆಂದು ಹಟ ಹಿಡಿದವನು ಏಕಾಂತಯ್ಯನೇ. ಬೇರೆ ಯಾರ ಮೇಲೂ ತಪ್ಪು ಹೊರಿಸುವ ಹಾಗಿಲ್ಲ. ಮುನಿಸಿಪಾಲಿಟಿಯ ಮೆಂಬರಾದ ಮೇಲೆ ಮೂರು ವರ್ಷ ಅವನ ಬಾಯಲ್ಲಿ ಬೇರೆ ಮಾತೇ ಇರಲಿಲ್ಲ. ಯಾವ ಅಜ್ಜನ ಕಾಲದಲ್ಲೋ ಕಟ್ಟಿದ ಮೋರಿ, ಮೇಲೆ ಕಲ್ಲು ಚಪ್ಪಡಿ, ಒಳಗೆ ಮೊಣಕಾಲುದ್ದ ಹೂಳು. ಬೀದಿಗೆ ಹೆಣ್ಣು ನೋಡಲು ಬಂದವರು ಮೂಗು ಮುಚ್ಚಿಕೊಂಡೇ ಉಪ್ಪಿಟ್ಟು ತಿನ್ನುತ್ತಾರೆ ಎಂದು ಸಭೆಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದ್ದ. ಕೊನೆಗೆ ೧೯೩೮ರ ಬೇಸಗೆಯಲ್ಲಿ ಸುಟ್ಟ ಮಣ್ಣಿನ ಕಂದು ಕೊಳವೆಗಳು ರೈಲಿನಲ್ಲಿ ಬಂದಿಳಿದವು. ಆ ದಿನ ಏಕಾಂತಯ್ಯ ಜರಿ ಪೇಟ ಸುತ್ತಿಕೊಂಡು ಸ್ಟೇಷನ್ನಿಗೆ ಹೋಗಿ, ಬೀಗರನ್ನು ಎದುರುಗೊಳ್ಳುವ ಹಾಗೆ ಆ ಕೊಳವೆಗಳನ್ನು ಎದುರುಗೊಂಡ.

ಕೆಲಸ ಹಿಡಿದವನು ಹಾರನಹಳ್ಳಿಯ ಜವರಣ್ಣ ಎಂಬ ಮೇಸ್ತ್ರಿ. ಅವನದೊಂದು ಪದ್ಧತಿ ಇತ್ತು. ಒಂದು ಮನೆಯ ಮುಂದೆ ಮೋರಿ ಒಡೆಯುವ ಮೊದಲು ಎರಡು ದಿನ ಬೆಳಿಗ್ಗೆ ಅಲ್ಲಿ ಕುಕ್ಕುರುಗಾಲಲ್ಲಿ ಕೂತು, ಬಚ್ಚಲ ಕಂಡಿಯಿಂದ ಬರುವ ನೀರಿಗೆ ಕೈಯೊಡ್ಡುತ್ತಿದ್ದ. ಯಾವ ಮನೆಯ ನೀರು ಯಾವ ಹೊತ್ತಿಗೆ ಎಷ್ಟು ಬರುತ್ತದೆಂದು ತಿಳಿಯದೆ ಕೊಳವೆಗೆ ನೀರಿಳಿಯುವ ವಾಟ ಕೊಡುವುದು ಹೇಗೆ ಎನ್ನುತ್ತಿದ್ದ. ಆದರೆ ಅವನಿಗೆ ತಿಳಿಯುತ್ತಿದ್ದುದು ಅಷ್ಟೇ ಅಲ್ಲ. ಈ ಮನೆಯಲ್ಲಿ ನೆಂಟರು ಇಳಿದಿದ್ದಾರೆ, ಆ ಮನೆಯಲ್ಲಿ ಅತ್ತೆ ಸೊಸೆ ಬೇರೆ ಬೇರೆ ಒಲೆ ಹೂಡಿದ್ದಾರೆ ಎಂದು ಅವನು ಸಲೀಸಾಗಿ ಹೇಳಿಬಿಡುವನು. ಬೀದಿಯ ಹೆಂಗಸರು ಅವನನ್ನು ಕಂಡರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುವರು.

ವೈಶಾಖದ ಒಂದು ಬೆಳಿಗ್ಗೆ ಜವರಣ್ಣ ಏಕಾಂತಯ್ಯನ ಜಗಲಿಯ ಮುಂದೆ ಬಂದು ನಿಂತ. ಕೈ ಇನ್ನೂ ಒದ್ದೆಯಾಗಿತ್ತು. ಎದುರು ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದ.

ಎದುರು ಮನೆಯಲ್ಲಿ ಯಾರೂ ಇರಲಿಲ್ಲ. ಅದು ಏಕಾಂತಯ್ಯನದೇ ಹಳೆಯ ಮನೆ. ಎರಡು ಕೊಬ್ಬರಿ ಉಗ್ರಾಣಗಳ ನಡುವೆ ಇಪ್ಪತ್ತು ವರ್ಷದಿಂದ ಬೀಗ ಹಾಕಿಕೊಂಡು ನಿಂತಿತ್ತು. ಏಕಾಂತಯ್ಯ ಇದನ್ನೇ ಹೇಳಿದ. ಜವರಣ್ಣ ತಲೆ ಕೆರೆದುಕೊಂಡ.

"ಯಾರೋ ಅವ್ರೆ ಸಾವ್ಕಾರ್ರೇ. ಬಚ್ಚಲ ಕಂಡೀಲಿ ನೀರು ಬತ್ತಾ ಐತೆ. ಬಿಸಿನೀರು. ಸೀಗೆಕಾಯಿ ನೊರೆ ಐತೆ, ಅರಿಸಿನ ಐತೆ. ಬಾಣಂತಿಗೆ ನೀರು ಹಾಕಿದ ಬಚ್ಚಲು ಅದು."

ಏಕಾಂತಯ್ಯ ಎದ್ದು ಹೋಗಿ ನೋಡಿದ. ಕಂಡಿಯ ಕಲ್ಲಿನ ಮೇಲೆ ಹಳದಿ ನೀರು ಸಣ್ಣಗೆ ಇಳಿಯುತ್ತಿತ್ತು. ಬಗ್ಗಿ ಬೆರಳಿಟ್ಟ. ಬೆಚ್ಚಗಿತ್ತು. ಹಂಡೆಯಿಂದ ತೋಡಿ ಮೈಮೇಲೆ ಹೊಯ್ದು ಗಳಿಗೆಯೂ ಆಗಿಲ್ಲ ಎನ್ನುವಷ್ಟು ಬೆಚ್ಚಗಿತ್ತು. ಮೇಲೆದ್ದು ಧೋತರಕ್ಕೆ ಬೆರಳೊರಸಿಕೊಂಡು, ಎಲ್ಲಿಯದೋ ನೀರು ಎಲ್ಲಿಗೋ ಜಿನುಗುತ್ತಿದೆ, ವಾಸವಿಲ್ಲದ ಮನೆಗೆ ಕೊಳವೆ ಬೇಡ, ಕಂಡಿಗೆ ಸಿಮೆಂಟು ಮೆತ್ತಿ ಮುಚ್ಚಿಬಿಡು ಎಂದು ಅಪ್ಪಣೆ ಕೊಟ್ಟ. ನೀರಿಗೆ ದಾರಿ ಬಿಡದಿದ್ದರೆ ಬೇರೆ ಕಡೆ ನುಗ್ಗುತ್ತದೆ ಎಂದು ಜವರಣ್ಣ ಹೇಳಿದ್ದನ್ನು ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೆಂಬರುಗಳು ಮೇಸ್ತ್ರಿಗಳ ಮಾತನ್ನು ಕಿವಿಗೆ ಹಾಕಿಕೊಳ್ಳುವ ರೂಢಿ ಆಗಲೂ ಇರಲಿಲ್ಲ.

ಆ ಮನೆಯಲ್ಲಿ ಬಾಣಂತಿಯೊಬ್ಬಳು ಇದ್ದದ್ದು ನಿಜ. ಅವಳು ಏಕಾಂತಯ್ಯನ ಮೊದಲ ಹೆಂಡತಿ ದ್ರಾಕ್ಷಾಯಣಿ. ಗಂಡುಮಗು ಹುಟ್ಟಿ ಮೂರನೆಯ ದಿನ ಅಟ್ಟದಿಂದ ಸತ್ತ ಇಲಿ ಬಿತ್ತು. ಅದು ಪ್ಲೇಗಿನ ವರ್ಷ. ಬೀದಿಗೆ ಬೀದಿಯೇ ಸಂಜೆಯೊಳಗೆ ಖಾಲಿ ಮಾಡಿ ಕೆರೆಯಾಚೆಯ ಗುಡಿಸಲುಗಳಿಗೆ ಹೋಗಬೇಕೆಂದು ಡಂಗುರ ಹೊಡೆದರು. ಹಸಿ ಬಾಣಂತಿಯನ್ನು ಬಯಲು ಗಾಳಿಗೆ ಒಯ್ದರೆ ಸನ್ನಿ ಹಿಡಿದು ಸಾಯುತ್ತಾಳೆ ಎಂದು ಏಕಾಂತಯ್ಯನ ತಾಯಿ ಅಡ್ಡ ನಿಂತಳು. ಪ್ಲೇಗಿಗಿಂತ ಗಾಳಿಗೆ ಹೆಚ್ಚು ಹೆದರುತ್ತಿದ್ದ ಕಾಲ. ಸೂಲಗಿತ್ತಿ ಗಿಡ್ಡಮ್ಮನನ್ನು ಜೊತೆಗೆ ಬಿಟ್ಟರು. ಮುನಿಸಿಪಾಲಿಟಿಯ ಜವಾನರು ಬಂದು ಎಳೆದುಕೊಂಡು ಹೋಗದಿರಲೆಂದು, ಮನೆ ಖಾಲಿಯಾಗಿದೆ ಎನ್ನುವ ಹಾಗೆ ಹೊರಗಿನಿಂದ ಬೀಗ ಹಾಕಿದರು. ನಾಳೆ ಬಂದು ತೆಗೆಯುತ್ತೇನೆ ಎಂದು ಏಕಾಂತಯ್ಯ ಬಾಗಿಲ ಸಂದಿಯಿಂದ ಹೇಳಿ ಹೋದ. ಎಂಟನೆಯ ದಿನ ಜವಾನರು ಬೀಗ ಒಡೆದಾಗ ಒಳಗಿದ್ದ ಮೂವರಲ್ಲಿ ಒಬ್ಬರೂ ಉಳಿದಿರಲಿಲ್ಲ.

ದಿನವೂ ಸಂಜೆ ಕದ್ದು ಹೋಗಿ ಬಾಗಿಲ ಸಂದಿಯಿಂದ ಮಾತಾಡಿಸಿ ಬರುತ್ತಿದ್ದೆ, ಚೆನ್ನಾಗಿಯೇ ಇದ್ದರು, ಒಂದೇ ರಾತ್ರಿಯಲ್ಲಿ ಹೊತ್ತುಕೊಂಡು ಹೋಯಿತು ಎಂದು ಏಕಾಂತಯ್ಯ ಅತ್ತುಕೊಂಡು ಹೇಳಿದ. ಊರು ನಂಬಿತು. ಎರಡನೆಯ ಹೆಂಡತಿಯಾಗಿ ಬಂದ ಕಮಲಾಕ್ಷಮ್ಮನೂ ನಂಬಿದಳು. ಆ ಮಾತಿನಲ್ಲಿ ಒಂದಕ್ಷರವೂ ನಿಜವಲ್ಲ ಎಂದು ತಿಳಿದಿದ್ದವನು ಅವನೊಬ್ಬನೇ. ಆಮೇಲೆ ಆ ಬಾಗಿಲಿಗೆ ಹೊಸ ಬೀಗ ಜಡಿದು ಬೀಗದ ಕೈಯನ್ನು ತನ್ನ ಉಡಿದಾರಕ್ಕೆ ಕಟ್ಟಿಕೊಂಡ. ಎದುರುಗಡೆಯೇ ಹೊಸ ಮನೆ ಕಟ್ಟಿಸಿ, ದಿನವೂ ಆ ಬಾಗಿಲನ್ನು ನೋಡಿಕೊಂಡೇ ವಿಭೂತಿ ಹಚ್ಚಿಕೊಂಡ. ಅವನದು ಕಲ್ಲೆದೆ ಎಂದುಕೊಳ್ಳಬೇಡಿ. ಕಲ್ಲೆದೆಯವನು ಊರು ಬಿಟ್ಟು ಹೋಗಿರುತ್ತಿದ್ದ.

ಸಿಮೆಂಟು ಮೂರು ದಿನ ಕಚ್ಚಲಿಲ್ಲ. ಸಂಜೆ ಮೆತ್ತಿದ್ದು ಬೆಳಿಗ್ಗೆ ಬೆಚ್ಚಗೆ ಕರಗಿ ಕೆಳಗಿಳಿದಿರುತ್ತಿತ್ತು. ನಾಲ್ಕನೆಯ ದಿನ ಜವರಣ್ಣ ಕಂಡಿಗೆ ಗೋಣಿ ತುರುಕಿ, ಕಲ್ಲು ಬಡಿದು, ಅದರ ಮೇಲೆ ಸಿಮೆಂಟು ಬಳಿದ. ಆಳುಗಳಲ್ಲಿ ಇಬ್ಬರು ಕೂಲಿ ಕೇಳದೆಯೇ ಹಳ್ಳಿಗೆ ಹೋಗಿಬಿಟ್ಟರು. ಕಂಡಿ ಮುಚ್ಚಿದ ದಿನವೇ, ಹೆರಿಗೆಗೆಂದು ತವರಿಗೆ ಬಂದಿದ್ದ ಏಕಾಂತಯ್ಯನ ಒಬ್ಬಳೇ ಮಗಳು ಸುವರ್ಣ ಹೆಣ್ಣುಮಗು ಹೆತ್ತಳು. ಮನೆಯಲ್ಲಿ ಸಂಭ್ರಮವೋ ಸಂಭ್ರಮ. ಮೂರನೆಯ ದಿನ ಕಮಲಾಕ್ಷಮ್ಮ ಒಂದು ಸೋಜಿಗ ಹೇಳಿದಳು: ಬಾಣಂತಿ ಕೋಣೆಯ ನೆಲ ತಾನಾಗಿ ಬೆಚ್ಚಗಾಗಿದೆ, ಅಗ್ಗಿಷ್ಟಿಕೆಯೇ ಬೇಡ, ಶಿವನ ದಯೆ.

ಏಕಾಂತಯ್ಯ ಒಳಗೆ ಹೋಗಿ ಬರಿಗಾಲಲ್ಲಿ ನಿಂತ. ನೆಲ ಬೆಚ್ಚಗಿತ್ತು. ಗೋಡೆಯ ಬುಡದಲ್ಲಿ ಹಳದಿ ತೇವ ಒಂದು ಗೇಣು ಏರಿತ್ತು. ಸೀಗೆಕಾಯಿ ವಾಸನೆ ಬರುತ್ತಿತ್ತು. ಈ ಮನೆಯಲ್ಲಿ ಬಾಣಂತಿಗೆ ಇನ್ನೂ ನೀರು ಎರೆದಿರಲೇ ಇಲ್ಲ. ಅವನು ಹೊರಗೆ ಬಂದು ಜಗಲಿಯಲ್ಲಿ ಕೂತ. ಹೇಳಬೇಕಾದ ಹೊತ್ತು ಅದೇ. ಆದರೆ ಹೇಳುವುದಕ್ಕೆ ಹೊರಟರೆ ಎಲ್ಲಿಂದ ಶುರುಮಾಡಬೇಕು ಎಂಬುದು ಅವನಿಗೆ ಗೊತ್ತಿತ್ತು, ಅಲ್ಲಿಂದ ಶುರುಮಾಡುವ ಧೈರ್ಯ ಇರಲಿಲ್ಲ.

ಐದನೆಯ ದಿನ ಮಧ್ಯಾಹ್ನ ಮುಂಗಾರಿಗೆ ಮುಂಚಿನ ದೊಡ್ಡ ಮಳೆ ಬಂತು. ಕೊಳವೆ ಹಾಕಲು ಬೀದಿಯ ನಡುವೆ ಆಳೆತ್ತರ ತೋಡಿದ್ದ ಕಾಲುವೆ ತುಂಬಿ, ಎರಡೂ ತುದಿಯಲ್ಲಿ ದಂಡೆ ಕುಸಿಯಿತು. ಜವರಣ್ಣ ಓಡಿ ಬಂದು ಮನೆಯ ಅಡಿಪಾಯದ ಕೆಳಗೆ ಮಣ್ಣೇ ಇಲ್ಲ, ಮುಂದಿನ ಗೋಡೆ ಈಗಲೋ ಇನ್ನೊಂದು ಗಳಿಗೆಗೋ ಬೀಳುತ್ತದೆ, ಎಲ್ಲರೂ ಹೊರಡಿ ಎಂದ. ಅವನು ಹೇಳುತ್ತಿದ್ದ ಹಾಗೆಯೇ ಕೋಣೆಯ ಗೋಡೆಯಲ್ಲಿ ಮೇಲಿನಿಂದ ಕೆಳಗೆ ಒಂದು ಬಿರುಕು ಬಿಟ್ಟಿತು.

ಕಮಲಾಕ್ಷಮ್ಮ ಕೋಣೆಯ ಹೊಸ್ತಿಲಿಗೆ ಅಡ್ಡ ನಿಂತಳು. ಇಂಥ ಗಾಳಿಮಳೆಯಲ್ಲಿ ಐದು ದಿನದ ಬಾಣಂತಿಯನ್ನು ಹೊರಗೆ ಒಯ್ಯುವುದು ಕೊಂದ ಹಾಗೆಯೇ ಎಂದಳು. ಹಿತ್ತಿಲ ಕಡೆಯ ಅಡಿಗೆಮನೆ ಗಟ್ಟಿಯಾಗಿದೆ, ಅಲ್ಲಿ ಮಲಗಿಸಿ ಬಾಗಿಲು ಹಾಕೋಣ, ಮಳೆ ನಿಂತ ಮೇಲೆ ನೋಡಿದರಾಯಿತು ಎಂದಳು. ಇಪ್ಪತ್ತು ವರ್ಷದ ಹಿಂದೆ ಅವನ ತಾಯಿ ಆಡಿದ್ದೂ ಇದೇ ಧಾಟಿಯ ಮಾತು. ಆಗಲೂ ಪ್ರೀತಿಯಿಂದಲೇ ಹೇಳಿದ್ದಳು, ಅದೇ ಕಷ್ಟ. ಏಕಾಂತಯ್ಯ ಮೊದಲ ಸಲ ಹೆಂಡತಿಯನ್ನು ತೋಳು ಹಿಡಿದು ಪಕ್ಕಕ್ಕೆ ತಳ್ಳಿದ. ಕಂಬಳಿ ಸುತ್ತಿ ಮಗಳನ್ನು ಎತ್ತಿಕೊಂಡ. ಮಗಳು ಮಗುವನ್ನು ಎದೆಗವುಚಿಕೊಂಡಳು.

ಬೀದಿಯ ತುದಿಯ ಮಠಕ್ಕೆ ಹೋಗಲು ದಾರಿ ಇರಲಿಲ್ಲ, ಎರಡು ಕಡೆಯೂ ನೀರು. ಉಗ್ರಾಣಗಳ ತುಂಬ ಇಲಿ. ಕಾಲುವೆಗೆ ಅಡ್ಡ ಹಾಕಿದ್ದ ಒಂದೇ ಹಲಗೆ ನೇರ ಎದುರು ಮನೆಯ ಜಗಲಿಗೆ ಹೋಗುತ್ತಿತ್ತು. ಅವನು ದಾಟಿದ. ಹಿಂದೆಯೇ ದಂಡೆ ಜರಿದು ಹಲಗೆ ನೀರಿಗೆ ಬಿತ್ತು. ಕಮಲಾಕ್ಷಮ್ಮ, ಜವರಣ್ಣ, ಆಳುಗಳು ಎಲ್ಲ ಆ ದಂಡೆಯಲ್ಲೇ ಉಳಿದರು.

ಜಗಲಿಯ ಮೇಲೆ ಮಗಳನ್ನು ಕೂರಿಸಿ ಉಡಿದಾರದ ಬೀಗದ ಕೈ ಬಿಚ್ಚಿದ. ತುಕ್ಕು ಹಿಡಿದಿದ್ದರೂ ಬೀಗ ಒಂದೇ ತಿರುವಿಗೆ ಬಿಚ್ಚಿಕೊಂಡಿತು. ಬಾಗಿಲು ತಳ್ಳಿದ. ಬಾಗಿಲು ಬರಲಿಲ್ಲ. ಭುಜ ಕೊಟ್ಟು ನೂಕಿದ. ಆಗ ಗೊತ್ತಾಯಿತು, ಒಳಗಿನಿಂದ ಅಗುಳಿ ಹಾಕಿತ್ತು.

ಸುವರ್ಣಳ ತುಟಿ ನೀಲಿಯಾಗುತ್ತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು, ಮಗು ಅಳುವುದನ್ನೇ ನಿಲ್ಲಿಸಿತ್ತು. ಎದುರಿಗೆ ಏಕಾಂತಯ್ಯನ ಮನೆಯ ಮುಂಗೋಡೆ ಸದ್ದಿಲ್ಲದೆ ಒಂದಿಷ್ಟು ವಾಲಿ, ಆಮೇಲೆ ಸೂರನ್ನೂ ಎಳೆದುಕೊಂಡು ಭಾರೀ ಸದ್ದಿನೊಂದಿಗೆ ಬಾಣಂತಿ ಕೋಣೆಯ ಮೇಲೂ ಅದರ ಹಿಂದಿನ ಅಡಿಗೆಮನೆಯ ಮೇಲೂ ಕುಸಿಯಿತು. ಹಿಂದೆ ಹೋಗುವ ಮಾತೇ ಇಲ್ಲ. ಅವನು ಬಾಗಿಲಿಗೆ ಹಣೆ ಹಚ್ಚಿ ನಿಂತ. ಬಾಗಿಲು ಬೆಚ್ಚಗಿತ್ತು. ಒಳಗೆ, ತೀರ ಹತ್ತಿರದಲ್ಲಿ, ಯಾರೋ ಉಸಿರು ಹಿಡಿದು ನಿಂತ ಹಾಗಿತ್ತು.

ಮಗಳು ಒಬ್ಬಳು, ಮೊಮ್ಮಗಳು ಒಬ್ಬಳು. ಆಚೆ ದಂಡೆಯಲ್ಲಿ ಕೇಳಿಸಿಕೊಳ್ಳುತ್ತ ನಿಂತ ಹೆಂಡತಿ ಮತ್ತು ಅರ್ಧ ಬೀದಿ. ಏಕಾಂತಯ್ಯ ಇಪ್ಪತ್ತು ವರ್ಷದಲ್ಲಿ ಬಾಯಿಗೆ ತಂದುಕೊಳ್ಳದ ಹೆಸರನ್ನು ಮಳೆಯ ಸದ್ದಿಗಿಂತ ಜೋರಾಗಿ ಕರೆದ.

"ದ್ರಾಕ್ಷಾಯಣಿ, ನಾನು ಬರ್ಲಿಲ್ಲ ಕಣೇ. ದಿನಾ ಬಂದು ಮಾತಾಡಿಸ್ದೆ ಅಂತ ಊರಿಗೆಲ್ಲ ಹೇಳ್ಕೊಂಡೆ. ಒಂದಿನಾನೂ ಬರ್ಲಿಲ್ಲ. ಕೆರೆ ಏರಿ ತನಕ ಬಂದೆ, ಬೀದಿ ನೋಡ್ದೆ, ಹೆದರಿಕೊಂಡು ವಾಪಸ್ ಹೋದೆ. ಬೀಗದ ಕೈ ನನ್ನ ಸೊಂಟದಲ್ಲೇ ಇತ್ತು. ನನ್ನ ಒಳಗೆ ಬಿಡಬೇಡ. ಈ ಹಸಿ ಬಾಣಂತೀನ ಬಿಟ್ಟುಕೋ."

ಆಚೆ ದಂಡೆಯಲ್ಲಿ ಕಮಲಾಕ್ಷಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಒಳಗೆ ಅಗುಳಿ ಸರಿದ ಸದ್ದು ಎಲ್ಲರಿಗೂ ಕೇಳಿಸಿತು ಎಂದು ಜವರಣ್ಣ ಬದುಕಿರುವ ತನಕ ಹೇಳುತ್ತಿದ್ದ. ಬಾಗಿಲು ಒಂದು ಆಳು ಹೋಗುವಷ್ಟು ತೆರೆದುಕೊಂಡಿತು. ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ, ಕಾದ ಹಂಡೆಯ ಹಬೆ ಹೊರಗೆ ಬಂದವು. ಒಳಗೆ ಕತ್ತಲೆ, ಅದರ ತುದಿಯಲ್ಲಿ ಬಚ್ಚಲೊಲೆಯ ಕೆಂಪು. ಸುವರ್ಣ ಗೋಡೆ ಹಿಡಿದು ಎದ್ದಳು. ಯಾರೋ ತೋಳು ಹಿಡಿದು ನಡೆಸಿದ ಹಾಗೆ, ಒಂದು ಪಕ್ಕಕ್ಕೆ ಭಾರ ಬಿಟ್ಟುಕೊಂಡು, ಹೊಸ್ತಿಲು ದಾಟಿದಳು. ಬಾಗಿಲು ಮುಚ್ಚಿಕೊಂಡಿತು. ಅಗುಳಿ ಮತ್ತೆ ಬಿತ್ತು.

ಏಕಾಂತಯ್ಯ ಜಗಲಿಯಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಕೂತ. ಮಗಳನ್ನು ಉಳಿಸಿದೆನೋ, ತಾನಾಗಿ ತಂದು ಒಪ್ಪಿಸಿದೆನೋ ಅವನಿಗೇ ತಿಳಿಯಲಿಲ್ಲ. ಬಾಗಿಲು ಬಡಿಯಲು ಎರಡು ಸಲ ಕೈ ಎತ್ತಿದ, ಎರಡು ಸಲವೂ ಇಳಿಸಿದ. ಮಳೆ ರಾತ್ರಿಯೆಲ್ಲ ಹೊಡೆದು ಬೆಳಗಿನ ಜಾವಕ್ಕೆ ನಿಂತಿತು. ಮನೆಯ ಒಳಗಿನಿಂದ ಅಷ್ಟು ಹೊತ್ತೂ ನೀರು ಹೊಯ್ಯುವ ಸದ್ದು ಬರುತ್ತಿತ್ತು, ನಡುವೆ ಒಂದೊಂದು ಸಲ ಮಗು ಅಳುವ ಸದ್ದು. ಅಳುತ್ತಿದ್ದುದು ಒಂದೇ ಮಗುವೋ ಎರಡೋ ಎಂದು ಅವನು ಎಣಿಸಲು ಹೋಗಲಿಲ್ಲ.

ಹೊತ್ತು ಮೂಡುವಾಗ ಜವರಣ್ಣ ಹೊಸ ಹಲಗೆ ಅಡ್ಡ ಹಾಕಿದ. ಕಮಲಾಕ್ಷಮ್ಮ ಗಂಡನ ಮುಖ ನೋಡದೆ ದಾಟಿ ಬಂದು ಜಗಲಿಯ ಕೆಳಗೆ ನಿಂತಳು. ಆಗ ಬಾಗಿಲು ತೆರೆಯಿತು.

ಸುವರ್ಣ ತಾನಾಗಿಯೇ ನಡೆದು ಬಂದಳು. ತಲೆಗೂದಲು ತೊಳೆದು ಆರಿಸಿ ಬಟ್ಟೆ ಕಟ್ಟಿತ್ತು, ಕಿವಿಯಲ್ಲಿ ಹತ್ತಿ, ಮುಖದ ಮೇಲೆ ಅರಿಸಿನ, ಕೆನ್ನೆಯಲ್ಲಿ ರಕ್ತ ತುಂಬಿದ ಕೆಂಪು. ಕೈಯಲ್ಲಿ ಮಗು ಹೊಟ್ಟೆ ತುಂಬಿ ಮಲಗಿತ್ತು. ಕಮಲಾಕ್ಷಮ್ಮ ಮಗಳನ್ನು ಹಿಡಿದುಕೊಂಡು ಅತ್ತಳು. ಏಕಾಂತಯ್ಯ ಗೋಡೆ ಹಿಡಿದು ಎದ್ದ. ಇಷ್ಟಾದ ಮೇಲೆ ಒಂದು ಸಲ ಒಳಗೆ ಹೋಗಿ, ಯಾರಿದ್ದರೂ ಸರಿ, ಯಾರಿಲ್ಲದಿದ್ದರೂ ಸರಿ, ಆ ನೆಲಕ್ಕೆ ಹಣೆ ಹಚ್ಚಿ ಬರಬೇಕು ಎಂದು ಅವನ ಜೀವ ಹಂಬಲಿಸಿತು. ಹೊಸ್ತಿಲ ಕಡೆ ಒಂದು ಹೆಜ್ಜೆ ಇಟ್ಟ.

ಸುವರ್ಣ ತಂದೆಯ ತೋಳು ಹಿಡಿದಳು. ಅವಳ ದನಿ ಮೆತ್ತಗಿತ್ತು, ಹೇಳಬೇಕಾದ್ದಕ್ಕೆ ಅವಳಿಗೇ ಸಂಕಟವಾಗುತ್ತಿತ್ತು.

"ಬೇಡಿ ಅಪ್ಪಾಜಿ. ನೀವು ಹೇಳಿದ್ದು ಕೇಳಿಸ್ತಂತೆ. ಆದ್ರೂ ನೀವು ಒಳಗೆ ಬರೋದು ಬೇಡ ಅಂದ್ರು."

ಏಕಾಂತಯ್ಯ ತಲೆಯ ಮೇಲಿನ ಒದ್ದೆ ವಸ್ತ್ರ ತೆಗೆದು ಹಿಂಡಿ ಹೆಗಲಿಗೆ ಹಾಕಿಕೊಂಡು, ಜಗಲಿಯಿಂದ ಕೆಸರಿಗೆ ಇಳಿದ.